ತೋಟಕ್ಕೆ ಹೋದರೆ ಮನುಷ್ಯ ಒಳ್ಳೆಯವನಾಗುತ್ತಾನೆಯೇ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಕೊರೆಯುತ್ತಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಿಕೊಳ್ಳಬೇಕೆನಿಸಿದೆ. ಸ್ವಲ್ಪ ಉದ್ದವಾದೀತು.

ಬನಶಂಕರಿಯಲ್ಲಿ ಮನೆ, ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳ ನೌಕರಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದಾದ ಮೇಲೆ, ನನ್ನಂಥ ಅನೇಕರ ಹಾಗೆ ನಾನೂ ಮಾಗಡಿಯ ಕಡೆ ಎರಡು ಎಕರೆ ಹತ್ತು ಗುಂಟೆ ತೆಗೆದುಕೊಂಡೆ. ಹಣ ಹೂಡುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಆಸೆ ಬೇರೆಯದಿತ್ತು: ಮಣ್ಣು, ಮಳೆ, ಹಕ್ಕಿಗಳ ನಡುವೆ ನಾಲ್ಕು ದಿನ ಇದ್ದರೆ ನನ್ನೊಳಗಿನ ಸಿಡುಕು, ಹೋಲಿಕೆ, ಹೊಟ್ಟೆಯುರಿ ತಾವಾಗಿಯೇ ಉದುರಿಹೋಗುತ್ತವೆ ಎಂದು ನಂಬಿದ್ದೆ. ಈಗ ವಾರದಲ್ಲಿ ಮೂರು ದಿನ ಅಲ್ಲಿಯೇ ಇರುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ, ರಕ್ತದೊತ್ತಡ ಇಳಿದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಬಂದ ವರ್ಷವೇ 780 ಅಡಿಗೆ ಕೊಳವೆಬಾವಿ ಕೊರೆಸಿದೆ. ಎರಡಿಂಚು ನೀರು ಬಿತ್ತು. ಊರಿನವರಿಗೆ ಪಾಯಸ ಹಂಚಿದೆವು. ಪಕ್ಕದ ಜಮೀನಿನ ಅಜ್ಜನಿಗೆ 320 ಅಡಿಯ ಹಳೆಯ ಬೋರು ಇದೆ. ಅದರಲ್ಲಿ ಅವರು ಅರ್ಧ ಎಕರೆ ಕನಕಾಂಬರ ಬೆಳೆಯುತ್ತಿದ್ದರು. ಹೋದ ಬೇಸಿಗೆಯ ಒಂದು ರಾತ್ರಿ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಂದಾಗ ಅವರು ಸ್ಟಾರ್ಟರ್ ಒತ್ತಿದ ಸದ್ದು ಕೇಳಿ, ನಿದ್ದೆ ಬಾರದೆ ಎದ್ದುಹೋಗಿ ಬದುವಿನ ಮೇಲೆ ನಿಂತೆ. ಪೈಪಿನಿಂದ ಮೊದಲು ಗಾಳಿ ಬಂತು, ಆಮೇಲೆ ಕೆಮ್ಮಿದ ಹಾಗೆ ಎರಡು ಚೊಂಬಿನಷ್ಟು ಕೆಂಪು ನೀರು, ಮತ್ತೆ ಗಾಳಿ. ಅಜ್ಜ ಟಾರ್ಚನ್ನು ಪೈಪಿನ ಬಾಯಿಗೇ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ನನ್ನನ್ನು ನೋಡಿ, "ಮಲಗಲಿಲ್ವಾ ಸ್ವಾಮಿ?" ಎಂದರು, ಅಷ್ಟೇ. ಅದೇ ಹೊತ್ತಿಗೆ ನನ್ನ ಮಾವಿನ ಸಸಿಗಳ ಬುಡದಲ್ಲಿ ಹನಿ ನೀರಾವರಿಯ ನಳಿಕೆಗಳು ಟಪಟಪ ಎನ್ನುತ್ತಿದ್ದವು.

ನಿಸರ್ಗದ ಹತ್ತಿರ ಬದುಕಿದರೆ ಬಾಳಿಗೆ ನೈತಿಕವಾದ ಅರ್ಥ ಸಿಗುತ್ತದೆ ಎಂದು ಹೇಳುತ್ತಾರಲ್ಲ, ಅದು ನಿಜವೇ? ಅಥವಾ ನನಗೆ ಸಿಕ್ಕಿದ್ದು ನೆಮ್ಮದಿ ಮಾತ್ರವೇ, ಅದೂ ಇನ್ನೊಬ್ಬರ ಲೆಕ್ಕದಲ್ಲಿ?

ರಾಗಿಕಣ

ನಾನು ಕುಣಿಗಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಸಗಣಿ ಬಾಚಿ, ಕಳೆ ಕಿತ್ತು ಬೆಳೆದವನು. ನಿಸರ್ಗದ ಸಾಮೀಪ್ಯವೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಾಗಿದ್ದರೆ ನಮ್ಮೂರಿನಲ್ಲಿ ಬದು ಒತ್ತುವ ಜಗಳಗಳು ಇರಬಾರದಿತ್ತು, ಕೇರಿಗಳು ಬೇರೆಬೇರೆ ಇರಬಾರದಿತ್ತು. ಹೊಂಗೆಮರದ ನೆರಳಿನಲ್ಲೇ ಕುಳಿತು ಇನ್ನೊಬ್ಬರಿಗೆ ಲೋಟ ಮುಟ್ಟಿಸದೆ ಮೇಲಿನಿಂದ ಎತ್ತಿ ನೀರು ಕುಡಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೇಟೆಯಿಂದ ಬಂದವರಿಗೆ ಹಳ್ಳಿ ಒಂದು ಆಸ್ಪತ್ರೆಯ ಹಾಗೆ ಕಾಣುತ್ತದೆ, ಅಲ್ಲಿ ಹುಟ್ಟಿದವರಿಗೆ ಅದು ದುಡಿಯುವ ಜಾಗ. ತಮ್ಮ ಪ್ರಶ್ನೆ ಪ್ರಾಮಾಣಿಕವಾಗಿದೆ, ಒಪ್ಪುತ್ತೇನೆ. ಆದರೆ ಅದರ ಉತ್ತರ "ಇಲ್ಲ" ಎಂಬ ಒಂದೇ ಪದ.

ಮೂರನೇಮಹಡಿ

ಎರಡು ಎಕರೆ ಇರುವವರ ಪಾಪಪ್ರಜ್ಞೆಯನ್ನು ಎರಡು ತುಳಸಿ ಕುಂಡ ಇರುವವನು ಓದುತ್ತಿದ್ದೇನೆ. ಮುಂದುವರಿಯಲಿ.

ಪುಸ್ತಕದಹುಳು

ರಾಗಿಕಣ ಅವರೇ, ಒಂದೇ ಪದದಲ್ಲಿ ಮುಗಿಸುವಷ್ಟು ಸುಲಭವಲ್ಲ ಇದು. ಈ ವಿಚಾರವನ್ನು ಬದುಕಿ ನೋಡಿದವರಲ್ಲಿ ಅಮೆರಿಕದ ಹೆನ್ರಿ ಡೇವಿಡ್ ಥೋರೋ ಮುಖ್ಯರು. 1845ರ ಜುಲೈ 4ರಂದು ವಾಲ್ಡನ್ ಕೊಳದ ದಡದಲ್ಲಿ ತಾವೇ ಕಟ್ಟಿಕೊಂಡ ಗುಡಿಸಲಿಗೆ ಹೋಗಿ, ಅಲ್ಲಿ ಎರಡು ವರ್ಷ ಎರಡು ತಿಂಗಳು ಎರಡು ದಿನ ಇದ್ದರು. ಗುಡಿಸಲಿಗೆ ತಗುಲಿದ ಖರ್ಚು 28 ಡಾಲರ್ ಚಿಲ್ಲರೆ, ಅದರ ಲೆಕ್ಕವನ್ನೂ ಬರೆದಿಟ್ಟಿದ್ದಾರೆ. ಬೇಡದ್ದನ್ನೆಲ್ಲ ಕಳೆದ ಮೇಲೆ ಬಾಳಿನಲ್ಲಿ ಏನು ಉಳಿಯುತ್ತದೆ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಹೊಂಗೆನೆರಳು ಅವರು ಅಂದುಕೊಂಡದ್ದೂ ಹೆಚ್ಚುಕಡಿಮೆ ಅದನ್ನೇ.

ರಾಗಿಕಣ

ಆ ಜಾಗ ಯಾರದ್ದು ಎಂಬುದನ್ನೂ ಹೇಳಿಬಿಡಿ. ಸ್ನೇಹಿತ ಎಮರ್ಸನ್ ಅವರದ್ದು. ಊರು ಅಲ್ಲಿಂದ ಎರಡು ಕಿಲೋಮೀಟರ್ ಚಿಲ್ಲರೆ. ಕಾಡಿಗೆ ಹೋಗುವ ಒಂದು ವರ್ಷದ ಹಿಂದೆ, 1844ರಲ್ಲಿ, ಮೀನು ಬೇಯಿಸಲು ಹಚ್ಚಿದ ಬೆಂಕಿ ಕೈತಪ್ಪಿ ಇದೇ ಮಹಾನುಭಾವರು ಕಾಂಕರ್ಡಿನ ಮುನ್ನೂರು ಎಕರೆಯಷ್ಟು ಕಾಡನ್ನು ಸುಟ್ಟಿದ್ದರು. ನಾನೂ ಸ್ವಲ್ಪ ಓದಿಕೊಂಡಿದ್ದೇನೆ ಸ್ವಾಮಿ.

ಪುಸ್ತಕದಹುಳು

ಓದಿದ್ದೀರಿ, ಸಂತೋಷ. ಹಾಗಿದ್ದರೆ 1846ರ ಜುಲೈ ತಿಂಗಳನ್ನೂ ಓದಿರಬೇಕು. ಹೊಲಿಯಲು ಕೊಟ್ಟಿದ್ದ ಬೂಟನ್ನು ತರಲೆಂದು ಊರಿಗೆ ಹೋದಾಗ, ತಲೆಗಂದಾಯ ಕಟ್ಟಿಲ್ಲವೆಂದು ಅವರನ್ನು ಹಿಡಿದು ಒಂದು ರಾತ್ರಿ ಜೈಲಿನಲ್ಲಿಟ್ಟರು. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ಕಾಸು ಕೊಡುವುದಿಲ್ಲ ಎಂಬುದು ಅವರ ಹಟ. ಆ ಒಂದು ರಾತ್ರಿಯ ಅನುಭವದಿಂದ ಹುಟ್ಟಿದ ಬರಹವನ್ನು ಗಾಂಧೀಜಿ ಓದಿ ಮೆಚ್ಚಿಕೊಂಡರು. ಕಂದಾಯ ಕಟ್ಟುವುದನ್ನು ಅವರು ಕಾಡಿಗೆ ಹೋಗುವ ಮೊದಲೇ ನಿಲ್ಲಿಸಿದ್ದರು ಎಂಬುದೂ ನಿಜವೇ. ಆದರೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಬದುಕನ್ನು ಕೊಳದ ದಡದಲ್ಲಿ ರೂಢಿಸಿಕೊಂಡವನಿಗೆ ಜೈಲಿನ ಬಾಗಿಲು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಸರ್ಗ ಅವರಿಗೆ ಕೊಟ್ಟದ್ದು ಆ ಸಡಿಲತೆಯನ್ನು.

ಒಲೆಮುಂದಿನವಳು

ಇಬ್ಬರೂ ದೊಡ್ಡವರು ಅಮೆರಿಕದಿಂದ ಮಾಗಡಿಗೆ ವಾಪಸ್ಸು ಬರುವುದಾದರೆ ನನ್ನದೂ ಒಂದು ಮಾತಿದೆ.

ನಮ್ಮ ಯಜಮಾನರಿಗೂ ಮೂರು ವರ್ಷದ ಹಿಂದೆ ಇದೇ ಹುಚ್ಚು ಹಿಡಿದು, ಕನಕಪುರದ ಆಚೆ ಒಂದು ಎಕರೆ ಮಾಡಿದೆವು. ಅವರಿಗೆ ಸೂರ್ಯೋದಯ, ಕೋಗಿಲೆ, ಧ್ಯಾನ. ನನಗೆ ಸೌದೆ ಒಲೆ, ಹೊಗೆ, ಬಂದುಹೋಗುವ ಅವರ ಸ್ನೇಹಿತರಿಗೆಲ್ಲ ಮುದ್ದೆ, ಸೊಪ್ಪಿನ ಸಾರು. ಬೆಂಗಳೂರಿನ ಮನೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಪಾತ್ರೆಯ ಕೆಲಸಕ್ಕೆ ಅಲ್ಲಿ ಬೂದಿ, ತೆಂಗಿನನಾರು ಹಿಡಿದು ಒಂದೂವರೆ ಗಂಟೆ. "ಸರಳ ಜೀವನ ಎಷ್ಟು ಚೆನ್ನ ಅಲ್ವಾ?" ಎಂದು ಅವರು ಕೇಳಿದ ದಿನ ನಾನು ಉತ್ತರ ಕೊಡಲಿಲ್ಲ, ಮರುವಾರ ತೋಟಕ್ಕೆ ಹೋಗಲೂ ಇಲ್ಲ. ಮೂರು ವಾರ ಒಬ್ಬರೇ ಹೋಗಿಬಂದರು. ನಾಲ್ಕನೆಯ ವಾರ ಗ್ಯಾಸ್ ಸಿಲಿಂಡರ್ ತಾವೇ ಹೊತ್ತುಕೊಂಡು ಹೋದರು, ಈಗ ಅನ್ನ ಮಾಡಲೂ ಕಲಿತಿದ್ದಾರೆ.

ಹೊಂಗೆನೆರಳು ಅವರೇ, ನಿಮ್ಮ ತೋಟದಲ್ಲಿ ಅಡುಗೆ ಯಾರು ಮಾಡುತ್ತಾರೆ?

ಹೊಂಗೆನೆರಳು

ಮೇಡಂ, ಕೆಲಸದವರ ಮನೆಯಿಂದ ಊಟ ಬರುತ್ತದೆ. ಪ್ರಶ್ನೆ ನಾಟಿತು.

ಕಲ್ಲುಪದರ

ನನ್ನ ಉದ್ಯೋಗವೇ ಅಂತರ್ಜಲ ಶೋಧನೆಯಾದ್ದರಿಂದ ಒಂದು ತಾಂತ್ರಿಕ ಮಾತು. ಭಾವನೆಯ ಮಾತಿಗೆ ಅಡ್ಡಬರುತ್ತಿದ್ದೇನೆಂದು ಭಾವಿಸಬೇಡಿ.

ಮಾಗಡಿ, ರಾಮನಗರ, ಬೆಂಗಳೂರು ಎಲ್ಲವೂ ಗ್ರಾನೈಟ್ ಮತ್ತು ನೈಸ್ ಶಿಲೆಯ ಮೇಲಿವೆ. ಲಾಲ್‌ಬಾಗಿನ ಬಂಡೆಯನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಈ ಕಲ್ಲಿನ ಮೈಯಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಒಂದೇ ಬಿರುಕಿಗೆ ಎರಡು ಬೋರುಗಳು ತಗುಲಿದ್ದರೆ ಆಳದ ಬೋರು ಎಳೆದಾಗ ಮೇಲಿನದು ಸೊರಗುತ್ತದೆ. ಬಿರುಕು ಬೇರೆಯಾಗಿದ್ದರೆ ಇಪ್ಪತ್ತು ಮಾರು ದೂರದ ಬೋರಿಗೂ ಏನೂ ಆಗುವುದಿಲ್ಲ. ಅಜ್ಜನ ಬೋರು ಬತ್ತಿದ್ದು ನಿಮ್ಮಿಂದಲೇ ಎಂದು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ, ಮಳೆಯ ಕೊರತೆಯಿಂದಲೂ ಆಗಿರಬಹುದು. ಆ ಭಾಗದಲ್ಲಿ ದಶಕಗಟ್ಟಲೆ ಬೆಳೆಸಿದ ನೀಲಗಿರಿ ತೋಪುಗಳ ಪಾಲೂ ಇರಬಹುದು.

ಆದ್ದರಿಂದ ಕೊರಗುವುದಕ್ಕೆ ಮೊದಲು ಪರೀಕ್ಷೆ ಮಾಡಿ. ಹತ್ತು ದಿನ ನಿಮ್ಮ ಮೋಟಾರನ್ನು ಪೂರ್ತಿ ನಿಲ್ಲಿಸಿ, ಅಜ್ಜನ ಬೋರಿನಲ್ಲಿ ನೀರು ಎಷ್ಟು ನಿಮಿಷ ಬರುತ್ತದೆ ಎಂದು ದಿನವೂ ಬರೆದಿಡಿ. ಆಮೇಲೆ ನಿಮ್ಮದನ್ನು ಓಡಿಸಿ, ಮತ್ತೆ ಬರೆದಿಡಿ.

ಮೂರನೇಮಹಡಿ

ಪಾಪಕ್ಕೂ ಪಂಪಿಂಗ್ ಟೆಸ್ಟ್ ಇದೆ ಎಂದು ಇವತ್ತು ತಿಳಿಯಿತು.

ನಿವೃತ್ತಮೇಷ್ಟ್ರು

ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು, ಆದ್ದರಿಂದ ಸಂಕ್ಷೇಪವಾಗಿ ಹೇಳುವ ಅಭ್ಯಾಸ ತಪ್ಪಿಹೋಗಿದೆ, ಸೈರಿಸಿಕೊಳ್ಳಿ.

ರಾಗಿಕಣ ಅವರು ಹೇಳಿದ್ದರಲ್ಲಿ ಸತ್ಯವಿದೆ. ಹಳ್ಳಿಯೆಂದರೆ ಸದ್ಗುಣದ ಗಣಿಯಲ್ಲ. ಆದರೆ ಅದೇ ಹಳ್ಳಿಗಳಲ್ಲಿ ನೀರಗಂಟಿ ಎಂಬೊಬ್ಬ ಮನುಷ್ಯನಿದ್ದ ಎಂಬುದನ್ನು ಅವರು ಮರೆತಂತಿದೆ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕಣದಿಂದಲೇ ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ನನ್ನ ಬಾಲ್ಯದ ನೆನಪು ಹೇಳುತ್ತೇನೆ. ನಮ್ಮೂರಿನ ನೀರಗಂಟಿ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ನಸುಕಿನಲ್ಲಿ ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದ. ಮಳೆ ಕಡಿಮೆಯಾದ ಒಂದು ವರ್ಷ ಶಾನುಭೋಗರ ಗದ್ದೆಯ ಮಡೆಯನ್ನು ಎರಡು ಗುದ್ದಲಿ ಮಣ್ಣು ಹಾಕಿ ಮುಚ್ಚಿ, ಕೊನೆಯ ಗದ್ದೆಯ ಬಡವನಿಗೆ ನೀರು ಬಿಟ್ಟಿದ್ದನ್ನು ನಾನು ನಮ್ಮ ತಂದೆಯ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಶಾನುಭೋಗರು ಕೂಗಾಡಿದರು. ಅವನು ಗುದ್ದಲಿಯನ್ನು ನೀರಿನಲ್ಲಿ ತೊಳೆದುಕೊಂಡು ಮುಂದಕ್ಕೆ ಹೋದ.

ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ನೀರಗಂಟಿಯ ಕೂಲಿ ಕಡಿಮೆಯಿತ್ತು, ಅದನ್ನು ಹೊಗಳಲು ನಾನು ಬಂದಿಲ್ಲ. ಆದರೆ ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಎಷ್ಟು ಉಳಿದಿದೆ ಎಂದು ಮಕ್ಕಳಿಗೂ ಗೊತ್ತಿತ್ತು. ಕೊಳವೆಬಾವಿ ಬಂದ ಮೇಲೆ ನೀರು ನೆಲದೊಳಗೆ ಅಡಗಿತು, ಅದರ ನ್ಯಾಯವೂ ಅಡಗಿತು. ಬೆಂಗಳೂರಿನಲ್ಲಂತೂ ಹೇಳುವುದೇ ಬೇಡ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿ ನಮ್ಮ ನಲ್ಲಿಗೆ ಬರುತ್ತದೆ. ಅದು ಬತ್ತಿದಾಗ ಯಾರ ಮುಖ ಬಾಡಿತೆಂದು ನಮಗೆ ಕಾಣುವುದೇ ಇಲ್ಲ. ಹೊಂಗೆನೆರಳು ಅವರಿಗೆ ಕಂಡಿತು, ಅದೂ ಟಾರ್ಚ್ ಬೆಳಕಿನಲ್ಲಿ. ಬನಶಂಕರಿಯಲ್ಲೇ ಇದ್ದಿದ್ದರೆ ಕಾಣುತ್ತಿರಲಿಲ್ಲ.

ರಾಗಿಕಣ

ಮೇಷ್ಟ್ರೇ, ನೀರಗಂಟಿಯನ್ನು ನಾನು ಮರೆತಿಲ್ಲ. ನಮ್ಮಪ್ಪನ ಸೋದರಮಾವನೇ ನೀರಗಂಟಿ. ಅವನಿಗೆ ಅಳೆದುಕೊಟ್ಟ ಕಾಳಿನಲ್ಲಿ ಜೊಳ್ಳು ಎಷ್ಟಿತ್ತೆಂಬ ಕಥೆ ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ಆದರೂ ನೀವು ಹೇಳಿದ "ಕಾಣುವುದು" ಎಂಬ ಮಾತನ್ನು ಒಪ್ಪುತ್ತೇನೆ. ನನ್ನ "ಇಲ್ಲ" ಎಂಬ ಉತ್ತರವನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಬಿಳಿಗಿರಿದಾರಿ

ಕಾಣುವುದಷ್ಟೇ ಸಾಲದು, ಯಾರ ಕಣ್ಣಿಗೆ ಏನು ಕಾಣುತ್ತದೆ ಎಂಬುದೂ ಮುಖ್ಯ.

ನಾನು ಕೆಲವು ವರ್ಷ ಬಿಳಿಗಿರಿರಂಗನಬೆಟ್ಟದ ಸೀಮೆಯಲ್ಲಿ ಕೆಲಸ ಮಾಡಿದ್ದೇನೆ. 1974ರಲ್ಲಿ ಅದು ವನ್ಯಧಾಮವಾದಾಗ ಕಾಡಿನೊಳಗಿದ್ದ ಬುಡಕಟ್ಟಿನ ಸೋಲಿಗರನ್ನು ಅವರ ಪೋಡುಗಳಿಂದ, ಅಂದರೆ ಹಾಡಿಗಳಿಂದ, ಎಬ್ಬಿಸಿ ಅಂಚಿಗೆ ತಂದು ಕೂರಿಸಿದರು. ಸೋಲಿಗರು ಬೇಸಿಗೆಯ ಮೊದಲಲ್ಲಿ ಹಚ್ಚುತ್ತಿದ್ದ ತರಗುಬೆಂಕಿಯನ್ನು, ಅಂದರೆ ಒಣಗಿದ ಎಲೆ ಮಾತ್ರ ಸುಡುವ ಸಣ್ಣ ಬೆಂಕಿಯನ್ನು, ಅಪರಾಧವೆಂದು ನಿಲ್ಲಿಸಲಾಯಿತು. ಆಮೇಲೆ ಕಾಡಿನ ತುಂಬ ಲಂಟಾನ ಎಂಬ ಕಳೆಪೊದೆ ಹಬ್ಬಿತು. ತರಗುಬೆಂಕಿ ಇದ್ದಿದ್ದರೆ ಲಂಟಾನ ಇಷ್ಟು ಹಬ್ಬುತ್ತಿರಲಿಲ್ಲ ಎಂದು ಅಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದಕ್ಕೆ ಅವರು ಎಷ್ಟು ಅಲೆಯಬೇಕಾಯಿತೆಂಬುದು ಬೇರೆಯದೇ ಕಥೆ.

ಈಗ ಬೆಂಗಳೂರಿನಲ್ಲೇ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಅವರು 1989ರಲ್ಲಿಯೇ ಒಂದು ಆಕ್ಷೇಪ ಎತ್ತಿದ್ದರು. ಮನುಷ್ಯಸ್ಪರ್ಶವಿಲ್ಲದ ಕಾಡೇ ಪರಮಮೌಲ್ಯ ಎಂಬ ಪಶ್ಚಿಮದ ವಿಚಾರವನ್ನು ನಮ್ಮಂಥ ಜನನಿಬಿಡ ದೇಶಕ್ಕೆ ತಂದರೆ ಬಡವರ ಕೈಯಿಂದ ಕಾಡು ಜಾರಿ ಉಳ್ಳವರ ಕೈಗೆ ಹೋಗುತ್ತದೆ ಎಂಬುದು ಅದರ ತಿರುಳು. ಪಹಣಿಯಲ್ಲಿ ಹೆಸರು ಬದಲಾದ ಎರಡು ಎಕರೆಯ ಸಂಗತಿಯೂ ಅದೇ ಜಾತಿಗೆ ಸೇರಿದ್ದು ಎಂದರೆ ಹೊಂಗೆನೆರಳು ಅವರು ಬೇಸರಿಸಬಾರದು. ನೀವು ಕೊಳ್ಳುವ ಮೊದಲು ಆ ನೆಲದಲ್ಲಿ ಯಾರು ರಾಗಿ ಬೆಳೆಯುತ್ತಿದ್ದರು, ಅವರು ಈಗ ಎಲ್ಲಿದ್ದಾರೆ?

ಹೊಂಗೆನೆರಳು

ಅಜ್ಜನ ತಮ್ಮನ ಮಗ ಮಾರಿದ್ದು. ಈಗ ಕಾಮಾಕ್ಷಿಪಾಳ್ಯದಲ್ಲಿ ಆಟೋ ಓಡಿಸುತ್ತಾರೆ. ಸಾಲ ತೀರಿಸಲು ಮಾರಿದೆ ಎಂದು ನೋಂದಣಿಯ ದಿನವೇ ಹೇಳಿದ್ದರು, ಆಗ ಅದು ನನ್ನ ತಲೆಗೆ ಹೋಗಿರಲಿಲ್ಲ.

ಕೆರೆಏರಿ

ಎಲ್ಲರೂ ಊರು ಬಿಟ್ಟು ಹೋಗುವ ಮಾತನ್ನೇ ಆಡುತ್ತಿದ್ದೀರಿ. ನಿಸರ್ಗವೇನು ಮಾಗಡಿಯ ನಂತರ ಶುರುವಾಗುತ್ತದೆಯೇ?

ನಾವು ಕೆಲವರು ಪ್ರತಿ ಭಾನುವಾರ ಜಕ್ಕೂರು ಕೆರೆಯ ಹತ್ತಿರ ಸೇರುತ್ತೇವೆ. ಶುದ್ಧೀಕರಣ ಘಟಕದಿಂದ ಬರುವ ನೀರು ಅಲ್ಲಿ ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಆಮೇಲೆ ಕೆರೆಗೆ ಸೇರುತ್ತದೆ. ಅಂದರೆ ಯಲಹಂಕ ಸುತ್ತಿನ ಬಚ್ಚಲುಗಳ ನೀರೇ ಕೊನೆಗೆ ಹೆಜ್ಜಾರ್ಲೆಗಳು ಈಜುವ ನೀರಾಗುತ್ತದೆ; ಸುತ್ತಲಿನ ಬಾವಿಗಳಲ್ಲೂ ಅದರಿಂದ ನೀರು ಏರಿದೆ. ನಾನು ಸ್ನಾನಕ್ಕೆ ಬಳಸುವ ಸೋಪಿನ ಬಗ್ಗೆ ಜೀವಮಾನದಲ್ಲಿ ಮೊದಲ ಸಲ ಯೋಚಿಸಿದ್ದು ಆ ಜೊಂಡಿನ ಪಕ್ಕ ನಿಂತಾಗ. ಇದೇ ಊರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿಕೊಂಡಿದ್ದನ್ನೂ ನಾವೇ ನೋಡಿದ್ದೇವೆ. ಆ ನೊರೆಯಲ್ಲಿ ನಮ್ಮೆಲ್ಲರ ಮನೆಯ ಪಾಲಿತ್ತು.

ತೋಟ ಕೊಳ್ಳಲಾಗದವರಿಗೂ ಬಾಳಿನ ಅರ್ಥ ಬೇಕಾಗುತ್ತದೆ ಎಂಬುದನ್ನು ಈ ಚರ್ಚೆ ಮರೆಯಬಾರದು.

ಮೂರನೇಮಹಡಿ

ಕೊನೆಗೂ ಯಾರೋ ನಮ್ಮ ಪರ ಮಾತಾಡಿದರು.

ಒಲೆಮುಂದಿನವಳು

ಮಾಗಡಿ ತಾಲ್ಲೂಕು ಎಂದಾಗಿನಿಂದ ಒಂದು ಹೆಸರು ಬರಲೆಂದು ಕಾಯುತ್ತಿದ್ದೆ. ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಆಲದ ಮರಗಳ ಸಾಲು ಅದೇ ತಾಲ್ಲೂಕಿನಲ್ಲಿದೆ. ಸಾಲುಮರದ ತಿಮ್ಮಕ್ಕನವರು ಅವುಗಳನ್ನು ನೆಡುವಾಗ ಅವರಿಗೆ ಎಕರೆಗಟ್ಟಲೆ ಜಮೀನೂ ಇರಲಿಲ್ಲ, ಪದ್ಮಶ್ರೀಯೂ ಇರಲಿಲ್ಲ. ಅದು ಬಂದಿದ್ದು 2019ರಲ್ಲಿ. ಕೂಲಿ ಮುಗಿಸಿ ಬಂದು, ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ, ತಮ್ಮದಲ್ಲದ ರಸ್ತೆಯ ಬದಿಯಲ್ಲಿ ಬೆಳೆಸಿದರು. ನೆರಳು ಯಾರೋ ದಾರಿಹೋಕರಿಗೆ. ನಾನು ಹೋಗಿ ಆ ಮರಗಳ ಕೆಳಗೆ ನಿಂತಿದ್ದೇನೆ. ಬಿಳಲು ಇಳಿದಿರುವ ಕಡೆ ತೊಗಟೆ ಆನೆಯ ಕಾಲಿನ ಚರ್ಮದ ಹಾಗಿದೆ. ನೀರು ಹೊತ್ತವರಿಗೆ ಅದರ ತೂಕ ಗೊತ್ತಿರುತ್ತದೆ, ಮೋಟಾರಿನ ಗುಂಡಿ ಒತ್ತುವವರಿಗೆ ಗೊತ್ತಾಗಲು ಪಕ್ಕದ ಅಜ್ಜ ಬೇಕಾಯಿತು ನೋಡಿ.

ಪುಸ್ತಕದಹುಳು

ಮೇಡಂ, ನಿಮ್ಮ ಮಾತಿಗೆ ಜೊತೆಯಾಗಿ ಒಂದು. ದಯವಿಟ್ಟು ಮತ್ತೆ ಅಮೆರಿಕಕ್ಕೆ ಹೋದನೆಂದು ಬಯ್ಯಬೇಡಿ. ನೆಲವೂ ನಮ್ಮ ನೈತಿಕ ಬಳಗಕ್ಕೆ ಸೇರಿದ್ದು ಎಂದು ವಾದಿಸಿದ ಆಲ್ಡೋ ಲಿಯೋಪೋಲ್ಡ್, ವಿಸ್ಕಾನ್ಸಿನ್‌ನಲ್ಲಿ ಸವೆದುಹೋದ ಒಂದು ಜಮೀನನ್ನು 1935ರಲ್ಲಿ ಕೊಂಡು, ಹೆಂಡತಿ ಮಕ್ಕಳೊಂದಿಗೆ ಅಲ್ಲಿ ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು. ವಾರಾಂತ್ಯಕ್ಕೆ ಹೋಗುತ್ತಿದ್ದವರೇ ಅವರೂ. ಅವರು ತೀರಿಕೊಂಡಿದ್ದು 1948ರ ಏಪ್ರಿಲಿನಲ್ಲಿ, ನೆರೆಯವರ ಜಮೀನಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋದಾಗ, ಹೃದಯಾಘಾತದಿಂದ.

ರಾಗಿಕಣ

ಈ ಅಮೆರಿಕದವರು ಪರವಾಗಿಲ್ಲ.

ನಿರ್ವಾಹಕರು

ಡ್ರಿಪ್ ಪೈಪಿನ ಬೆಲೆ, ಯಾವ ಕಂಪನಿಯ ಮೋಟಾರ್ ಒಳ್ಳೆಯದು ಎಂಬ ಏಳು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ವಿಷಯದ ಮೇಲೆಯೇ ಇರಬೇಕೆಂದು ವಿನಂತಿ.

ಹೊಂಗೆನೆರಳು

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ.

ಕಲ್ಲುಪದರ ಅವರು ಹೇಳಿದಂತೆ ಹತ್ತು ದಿನ ಮೋಟಾರ್ ನಿಲ್ಲಿಸಿದೆ. ಮೊದಲು ಅಜ್ಜನ ಹತ್ತಿರ ಹೋಗಿ ವಿಷಯ ಹೇಳಬೇಕಾಯಿತು, ಅದೇ ಎಲ್ಲಕ್ಕಿಂತ ಕಷ್ಟವಾದದ್ದು. "ನನ್ನ ಬೋರಿನಿಂದ ನಿಮ್ಮ ಬೋರಿಗೆ ತೊಂದರೆ ಆಗಿರಬಹುದು ಅನ್ನಿಸುತ್ತದೆ" ಎಂದೆ. ಅವರು ಎಲೆಯಡಿಕೆಯ ರಸವನ್ನು ಉಗಿದು ಬಂದು, "ಗೊತ್ತು ಸ್ವಾಮಿ, ನೀವು ಪಾಯಸ ಹಂಚಿದ ದಿನವೇ ಗೊತ್ತು" ಎಂದರು. ಮತ್ತೆ ಹೇಳಲಿಲ್ಲವೇಕೆ ಎಂದು ಕೇಳಿದ್ದಕ್ಕೆ, "ಕಾಸು ಕೊಟ್ಟು ತಗೊಂಡವರಿಗೆ ಏನಂತ ಹೇಳೋದು?" ಎಂದರು.

ಲೆಕ್ಕ ಹೀಗಿದೆ. ಮೊದಲ ದಿನ ಅವರ ಬೋರಿನಲ್ಲಿ ನಾಲ್ಕು ನಿಮಿಷ ನೀರು ಬಂತು. ಐದನೆಯ ದಿನ ಹನ್ನೊಂದು, ಹತ್ತನೆಯ ದಿನ ಇಪ್ಪತ್ತಾರು ನಿಮಿಷ. ನನ್ನದನ್ನು ಮತ್ತೆ ಓಡಿಸಿದ ಮೂರನೆಯ ದಿನಕ್ಕೆ ಒಂಬತ್ತಕ್ಕೆ ಇಳಿಯಿತು. ಆ ನಡುವೆ ಮಳೆ ಬರಲಿಲ್ಲ.

ಒಲೆಮುಂದಿನವಳು ಅವರಿಗೆ: ಈ ಹತ್ತು ದಿನ ಮಾವಿನ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತೆ. ನಲವತ್ತು ಸಸಿಗಳಿಗೆ ಮಾತ್ರ ಆಯಿತು, ಇಪ್ಪತ್ತು ಒಣಗಿದವು. ಸೊಂಟ ಹಿಡಿದುಕೊಂಡಿದೆ. ಮುದ್ದೆಯನ್ನೂ ಕಟ್ಟಿದೆ, ಗಂಟಾಯಿತು.

ಕಲ್ಲುಪದರ

ಹಾಗಾದರೆ ಒಂದೇ ಬಿರುಕು. ಅನುಮಾನವಿಲ್ಲ. ಕೃಷಿಹೊಂಡ ಮಾಡಿಸಿ, ಅಜ್ಜನ ಬೋರಿನ ಸುತ್ತ ಇಂಗುಗುಂಡಿ ತೆಗೆಸಿ. ಆದರೆ ಅದರ ಫಲ ಕಾಣಲು ಎರಡು ಮಳೆಗಾಲ ಬೇಕು. ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂಬುದಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರವಿಲ್ಲ.

ಬಿಳಿಗಿರಿದಾರಿ

ನನ್ನ ಪ್ರಶ್ನೆ ಸ್ವಲ್ಪ ಒರಟಾಗಿತ್ತು. ಆದರೆ ಕೇಳಿದ್ದಕ್ಕೆ ವಿಷಾದವಿಲ್ಲ.

ಹೊಂಗೆನೆರಳು

ಅಲ್ಲಿಯವರೆಗೆ ಒಂದು ದಿನ ಅವರು, ಒಂದು ದಿನ ನಾನು ಎಂದು ಮಾತಾಗಿದೆ. ಕನಕಾಂಬರಕ್ಕೆ ದಿನವೂ ನೀರು ಬೇಕೆಂದು ಅಜ್ಜ ಹೇಳಿದ್ದರಿಂದ, ಅವರ ದಿನ ತಪ್ಪಿದಾಗ ನನ್ನ ಪೈಪಿನಿಂದಲೇ ಅವರ ಬದುವಿನವರೆಗೆ ಒಂದು ಎಳೆ ಎಳೆಸಿದ್ದೇನೆ. ಅದಕ್ಕೆ ವಾಲ್ವ್ ಎಲ್ಲಿ ಇಡಬೇಕೆಂಬುದರ ಬಗ್ಗೆ ನಿನ್ನೆ ನಮ್ಮಿಬ್ಬರಿಗೂ ಸಣ್ಣ ಜಗಳವಾಯಿತು. ನನ್ನ ಕಡೆ ಇರಲಿ ಎಂದು ನಾನು, ತಮ್ಮ ಕಡೆ ಇರಲಿ ಎಂದು ಅವರು.

ನಿವೃತ್ತಮೇಷ್ಟ್ರು

ಕೊನೆಗೆ ಯಾರ ಕಡೆ ಇಟ್ಟಿರಿ?

ಹೊಂಗೆನೆರಳು

ಅವರ ಕಡೆ. ರಾತ್ರಿ ತ್ರೀ ಫೇಸ್ ಬಂದಾಗ ಎದ್ದಿರುವವರು ಅವರೇ ತಾನೇ, ಮೇಷ್ಟ್ರೇ.